ಮಾಳಪ್ಪನ ಗೆಲುವುಗಳನ್ನು ನಾನು ಓದಿದ ಬಗೆ

ಮೊಣಕಾಲಿಗೆ ಹಚ್ಚುವ ಎಣ್ಣೆಗೆ ಎಂಥ ಕೆಟ್ಟ ನೆನಪಿನ ಶಕ್ತಿ ಇದೆ ನೋಡಿ. ಈ ಮುಂಜಾನೆ ನನ್ನ ಹೆಂಡತಿ ಸೀಸೆಯ ಬಿರಡೆ ತೆಗೆದದ್ದೇ ತಡ, ಕರ್ಪೂರ ಕಾಸಿದ ಎಣ್ಣೆಯ ಆ ಘಾಟು ಮೂಗಿಗೆ ಬಡಿದು ನನ್ನನ್ನು ಮಕ್ತಲಿನ ಒಂದು ಮನೆಯ ಪಡಸಾಲೆಯಲ್ಲಿ ಕೂರಿಸಿಬಿಟ್ಟಿತು. "ಮೂರು ಗೋಲಿನ ಮೊಣಕಾಲು, ಅಲುಗಾಡಬ್ಯಾಡ್ರಿ," ಎಂದು ಆಕೆ ಎಂದಿನಂತೆ ಅಣಕಿಸಿದಳು. ಆ ಮೂರು ಗೋಲಿನ ಕಥೆಯನ್ನು ಮದುವೆಯಾದಂದಿನಿಂದ ಆಕೆಗೆ ಸಾವಿರ ಸಲ ಹೇಳಿದ್ದೇನೆ. ಅದರ ಹಿಂದುಮುಂದನ್ನು ಮಾತ್ರ ಹೇಳಿರಲಿಲ್ಲ. ಇವತ್ತು ಯಾಕೋ ಹೇಳಿದೆ. ನೀವೂ ಕೇಳಿಬಿಡಿ.

ನಿಜಾಮರ ಆಳ್ವಿಕೆಯ ಕಾಲ ಅದು. ನಾರಾಯಣಪೇಟೆಯಲ್ಲಿ ನಮ್ಮದು ಸೀರೆ ವ್ಯಾಪಾರದ ಮನೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು. ಶಾಲೆ ಬಿಟ್ಟ ಮೇಲೆ ಉಳಿದದ್ದು ಎರಡೇ: ಉರ್ದು ಓದುವುದು ಮತ್ತು ಫುಟ್‌ಬಾಲ್. ಊರಿನ ಟೀಮಿಗೆ ನಾನೇ ಕ್ಯಾಪ್ಟನ್. ನಾನು ಬಹಳ ಚೆನ್ನಾಗಿ ಆಡುತ್ತಿದ್ದೆ ಎಂದುಕೊಂಡೀರಿ! ಚೆಂಡು ನಮ್ಮಪ್ಪ ಕೊಡಿಸಿದ್ದು, ಹಾಗಾಗಿ.

ಮಾಳಪ್ಪ ಮಕ್ತಲಿನ ಕುರಿಗಾರರ ಮನೆಯವನು, ನನ್ನ ಓರಗೆಯವನು, ಇಬ್ಬರಿಗೂ ಆಗ ಇಪ್ಪತ್ತು. ನಮ್ಮ ಟೀಮಿನಲ್ಲಿ ಮೈದಾನದ ನಡುವೆ ಆಡುತ್ತಿದ್ದ. ಸೆಂಟರ್ ಹಾಫ್ ಎನ್ನುತ್ತಿದ್ದೆವು. ಅವನು ಓಡಿದ್ದನ್ನು ನಾನು ಕಂಡದ್ದೇ ಕಡಿಮೆ. ಆದರೂ ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ಹೇಗೋ ಎಂದು ಕೇಳಿದರೆ, "ಕುರಿ ಹಿಂದ ಓಡವ ಕುರಿ ಕಾಯಾಕ ಬರಾಂಗಿಲ್ಲೋ. ಅದು ಎಲ್ಲಿಗೆ ಹೊಂಟೈತಿ ಅಂತ ನೋಡಿ, ಅಲ್ಲಿ ಹೋಗಿ ನಿಂದ್ರಬೇಕು," ಎನ್ನುತ್ತಿದ್ದ. ಹಾಗೆ ನಿಂತು, ಚೆಂಡು ಕಸಿದು, ನನ್ನ ಕಾಲ ಬುಡಕ್ಕೆ ತಂದಿಡುತ್ತಿದ್ದ. ನಾನು ಒದೆಯುತ್ತಿದ್ದೆ. ಗೋಲಾಗುತ್ತಿತ್ತು. ಜನ "ಭಲೆ ಮಾಳಪ್ಪ!" ಎನ್ನುತ್ತಿದ್ದರು. ಅಯ್ಯೋ ಶಿವನೆ, ಗೋಲು ಹೊಡೆದವನು ನಾನು, ಭಲೆ ಅವನಿಗೆ! ನನ್ನ ಹೊಟ್ಟೆ ಉರಿದದ್ದು ತಪ್ಪೇ, ನೀವೇ ಹೇಳಿ.

ಒಮ್ಮೆ ಹೈದರಾಬಾದಿನ ಒಂದು ಪಲ್ಟನ್ನಿನ ಸುಬೇದಾರರು ಆಟಗಾರನನ್ನು ಹುಡುಕಿಕೊಂಡು ನಮ್ಮ ಕಡೆ ಬಂದರು. ಅವರ ಪಲ್ಟನ್ನಿಗೆ ಸೇರಿದರೆ ಬಂದೂಕು ಹೊರುವುದಿಲ್ಲ, ಕವಾಯತು ಇಲ್ಲ, ಫುಟ್‌ಬಾಲ್ ಆಡುವುದಕ್ಕೇ ಸಂಬಳ. ನಾರಾಯಣಪೇಟೆಗೂ ಗದ್ವಾಲದವರಿಗೂ ಆಟ ಇಟ್ಟರು. ಒಬ್ಬನನ್ನು ಮಾತ್ರ ಕರೆದುಕೊಂಡು ಹೋಗುತ್ತೇನೆ ಎಂದರು. ಆ ಒಬ್ಬ ನಾನೇ ಆಗಬೇಕೆಂದು ನನಗೆ ಹಸಿವು ನಿದ್ದೆ ಎರಡೂ ಕೆಟ್ಟವು.

ಆಟದ ಹಿಂದಿನ ದಿನ ಚೆಂಡಿನ ಒಳಗಿನ ರಬ್ಬರ್ ಚೀಲ ಒಡೆಯಿತು. ಇನ್ನೊಂದು ಚೀಲ ನಮ್ಮ ಅಂಗಡಿಯ ಪೆಟ್ಟಿಗೆಯಲ್ಲಿತ್ತು. ನಾನು ಅದನ್ನು ಅಲ್ಲೇ ಬಿಟ್ಟು, ಒಂದು ಹಳೆಯ ಕಂಬಳಿ ಹರಿದು ಚೆಂಡಿನೊಳಗೆ ತುರುಕಿ ಹೊಲಿಸಿದೆ. ಯಾಕೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕುರಿಗಾರರಿಗೆ ಕಂಬಳಿ ಎಂದರೆ ಅವರ ಮನೆದೇವರು ಬೀರಪ್ಪನ ಗದ್ದುಗೆ. ಅದನ್ನು ಹೊದೆಯುತ್ತಾರೆ, ಹಾಸಿ ದೇವರನ್ನು ಕೂರಿಸುತ್ತಾರೆ, ಬೇಕೆಂದು ಕಾಲು ಹಚ್ಚುವುದಿಲ್ಲ. ಆಟಕ್ಕೆ ನಿಂತಾಗ ನಾನು ದೊಡ್ಡ ದನಿಯಲ್ಲಿ, "ಚೀಲ ಒಡದೈತ್ರಿ, ಕಂಬಳಿ ತುಂಬೀನಿ. ಹೊಸಾದು ತರಾಕ ವ್ಯಾಳ್ಯಾ ಎಲ್ಲೈತಿ?" ಎಂದೆ.

ಮಾಳಪ್ಪ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. "ಇದಕ್ಕ ನಾ ಹ್ಯಾಂಗ ಒದೀಲಿ?"

"ಹಂಗಾರ ಹೊರಗ ಕುಂದ್ರಪಾ," ಎಂದೆ, ಬಹಳ ಮರುಕದಿಂದ.

"ಒದಿಯಾಂಗಿಲ್ಲ ಅಂದೆ. ಆಡಾಂಗಿಲ್ಲ ಅಂದೆನೇನು?"

ಆಡಿದ. ಕಾಲು ಹಚ್ಚದೆ ಆಡಿದ. ಗದ್ವಾಲದವರು ಚೆಂಡು ಕಳಿಸಬೇಕೆಂದುಕೊಂಡ ಕಡೆಗೆಲ್ಲ ಹೋಗಿ ನಿಂತ. ಅವರು ದಾರಿ ಕಾಣದೆ ಹೊರಳಿ ನಮ್ಮ ಹುಡುಗರ ಕಾಲಿಗೇ ಚೆಂಡು ಒಪ್ಪಿಸಿದರು. "ಎಡಕ್ಕ! ಈಗ ಬಿಡು! ನಿಂದ್ರು, ನಿಂದ್ರು, ಹೊಡಿ!" ಎಂದು ಕೂಗಿದ. ಅವನು ಹೇಳಿದಲ್ಲಿ ನಿಂತೆ, ಹೇಳಿದಾಗ ಹೊಡೆದೆ, ಮೂರು ಗೋಲು. ಎರಡು ಸಲ ಚೆಂಡನ್ನು ತಲೆಯಿಂದಲೂ ದೂಡಿದ. ಕಂಬಳಿ ತಲೆಯ ಮೇಲೆ ಹೊರುವಂಥದ್ದೇ ಅಲ್ಲವೆ, ಆ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ.

ಆಟ ಮುಗಿದಾಗ ಸುಬೇದಾರರು ಬಂದು ನನ್ನ ಬೆನ್ನು ತಟ್ಟಿದರು. ನನ್ನ ಎದೆ ಉಬ್ಬಿತು. ಆಮೇಲೆ ದಖನಿ ಉರ್ದುವಿನಲ್ಲಿ ಹೇಳಿದರು: ಗೋಲು ಹೊಡೆಯುವವರು ಗಲ್ಲಿಗೊಬ್ಬರು ಸಿಗುತ್ತಾರೆ ಮಿಯಾ, ಕಾಲು ಹಚ್ಚದೆ ಹನ್ನೊಂದು ಮಂದಿಯನ್ನು ಆಡಿಸುವವನು ಎಲ್ಲಿ ಸಿಗಬೇಕು? ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಾಳಪ್ಪ ಅದೇ ವಾರ ಹೈದರಾಬಾದಿಗೆ ಹೋದ. ನಾನು ಸೀರೆಯ ಗಂಟು ಹೊತ್ತು ಮಕ್ತಲಿನ ಸಂತೆಗೆ ಹೋದೆ.

ಇಲ್ಲಿಗೇ ಮುಗಿದಿದ್ದರೆ ಇದನ್ನು ತಮಾಷೆಯ ಕಥೆ ಮಾಡಿ ಎಂದೋ ಹೇಳಿಬಿಡುತ್ತಿದ್ದೆ. ಮಾಳಪ್ಪನಿಗೆ ಓದು ಬರಹ ಇರಲಿಲ್ಲ. ಅವನು ಹೇಳಿದ್ದನ್ನು ಪಲ್ಟನ್ನಿನ ಮುನ್ಷಿ ಉರ್ದುವಿನಲ್ಲಿ ಬರೆದು ಅವನ ತಾಯಿ ಲಕ್ಕವ್ವನಿಗೆ ಕಳಿಸುತ್ತಿದ್ದ. ಓದಿ ಹೇಳುವವನು ಯಾರು? ಮಗನ ಗೆಳೆಯ, ಸಂತೆಗೆ ಬರುವ ಉರ್ದು ಬಲ್ಲ ಸಾಹುಕಾರರ ಮಗ. ಅಂದರೆ ನಾನು!

ಮೊದಲ ಕಾಗದದಲ್ಲಿ ಇತ್ತು: ಅವ್ವಾ, ಗೆದ್ದೆವು. ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಸಾಲು ನೋಡಿದ ಕೂಡಲೆ ನನಗೆ ಮೈಯೆಲ್ಲ ಖಾರ ಹಚ್ಚಿದಂತಾಯಿತು. ಬಾಯಿ ತಾನಾಗಿಯೇ, "ಆಟ ಸಮಾ ಆತಂತವ್ವ," ಎಂದಿತು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯ. ಮುಂದಿನ ಕಾಗದದಲ್ಲೂ ಗೆದ್ದಿದ್ದ. ನಾನು ಸೋಲಿಸಿದೆ. ಬೊಂಬಾಯಿಗೆ ಹೋಗಿ ಬೆಳ್ಳಿಯ ಬಟ್ಟಲು ಗೆದ್ದು ಬಂದ. ಅದನ್ನೂ ಸೋಲಿಸಿದೆ. ಸಂಬಳ, ಊಟ, ಆರೋಗ್ಯ ಎಲ್ಲವನ್ನೂ ಇದ್ದಂತೆ ಓದುತ್ತಿದ್ದೆ, ಗೆಲುವನ್ನು ಮಾತ್ರ ಓದುತ್ತಿರಲಿಲ್ಲ.

"ಒಂದರ ಗೆದ್ದಾನೇನಪ್ಪ?" ಎಂದು ಲಕ್ಕವ್ವ ಪ್ರತಿ ಸಲವೂ ಕೇಳುತ್ತಿದ್ದಳು.

"ಇನ್ನಾ ಇಲ್ಲವ್ವ."

ಆಕೆ ಕಾಗದ ಇಸಿದುಕೊಂಡು, ಮಡಚಿ, ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ನನಗೆ ಹಾಲು ಕುಡಿದಷ್ಟು ಸಂತೋಷ. ಐದು ವರ್ಷ ಹೀಗೇ ನಡೆಯಿತು, ಆ ನಡುವೆ ಮಾಳಪ್ಪ ಒಮ್ಮೆಯೂ ಊರಿಗೆ ಬರಲಿಲ್ಲ.

ಆಮೇಲೆ ಮೊಣಕಾಲು ತಿರುಗಿ ಮಾಳಪ್ಪ ಊರಿಗೆ ಬಂದ. ನಡುವಿನ ಆಟಗಾರನಿಗೆ ಮೊಣಕಾಲು ಹೋದರೆ ಆಟ ಹೋದಂತೆ. ನಾನು ನೋಡಲು ಹೋದಾಗ ಕಾಲಿಗೆ ಇದೇ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಹೈದರಾಬಾದಿನಿಂದ ತಂದ ಹಲ್ವಾದ ಡಬ್ಬಿ ಬಿಚ್ಚಿ ಮೊದಲ ತುಂಡನ್ನು ತಾಯಿಯ ಬಾಯಿಗೆ ಹಿಡಿದ. ಆಕೆ ಮುಖ ತಿರುಗಿಸಿದಳು.

"ವಲ್ಲೆ ಮಗನ. ನೀ ಒಂದು ಆಟ ಗೆಲ್ಲೋತನ ಬಾಯಿಗೆ ಸಿಹಿ ಹಚ್ಚಾಂಗಿಲ್ಲಂತ ಬೀರಪ್ಪಗ ಹರಕಿ ಹೊತ್ತೀನಿ. ಐದು ವರ್ಷ ಆತು, ಹೋಳಿಗಿ ತಿಂದಿಲ್ಲ, ಬೆಲ್ಲ ಮುಟ್ಟಿಲ್ಲ. ಈಗ ನಿನ್ನ ಕಾಲಾ ಹೋತು. ಇನ್ನ ತಿನ್ನೋದೇನು, ಬಿಡು."

"ಗೆದ್ದಿಲ್ಲಂತ ಯಾರು ಹೇಳಿದ್ರಬೇ?"

"ನೀನಾ ಬರಿಸಿದ್ದೆಲ್ಲೋ, ಕಾಗದದಾಗ."

ಇಬ್ಬರೂ ನನ್ನ ಕಡೆ ನೋಡಿದರು. ನೆಲ ಬಾಯಿ ಬಿಡಲಿಲ್ಲ. ಅಂಥ ಹೊತ್ತಿನಲ್ಲಿ ಅದು ಎಂದೂ ಬಿಡುವುದಿಲ್ಲ. ಮಾಳಪ್ಪ ಹೊಡೆಯುತ್ತಾನೆ ಎಂದುಕೊಂಡೆ. ಅವನು ಹಲ್ವಾದ ತುಂಡನ್ನು ಮತ್ತೆ ಡಬ್ಬಿಗೆ ಹಾಕಿ, "ಎಂಥೆಂಥಾ ಪಲ್ಟನ್ ಬಂದ್ರೂ ನನ್ನ ಸೋಲ್ಸಾಕ ಆಗ್ಲಿಲ್ಲ. ನೀ ಇಲ್ಲಿ ಕುಂತು ಐದು ವರ್ಷ ಸೋಲ್ಸಿದೆಲ್ಲಲೇ!" ಎಂದ. ಪೆಟ್ಟಿಗೆ ಎಳೆದು ನನ್ನ ಮುಂದೆ ಇಟ್ಟ. "ಓದು. ಎಲ್ಲಾ ಓದು."

ಓದಿದೆ. ಗೆದ್ದೆವು. ಗೆದ್ದೆವು. ಬಟ್ಟಲು ಗೆದ್ದೆವು. ಬೆವರು ಹರಿದು ಉರ್ದು ಅಕ್ಷರ ಕಲಸಿಹೋಗುವಂತಿತ್ತು. ಲಕ್ಕವ್ವ ಒಂದೊಂದಕ್ಕೂ ಬೆರಳು ಮಡಚಿದಳು. ಎರಡೂ ಕೈಯ ಬೆರಳು ತೀರಿದವು, ಕಾಗದ ತೀರಲಿಲ್ಲ. ಎಲ್ಲ ಮುಗಿದ ಮೇಲೆ ಆಕೆ ಬೀರಪ್ಪನಿಗೆ ಕೈ ಮುಗಿದು ಹಲ್ವಾ ಬಾಯಿಗೆ ಹಾಕಿಕೊಂಡಳು. ಅಗಿಯುವಾಗ ಅಳುತ್ತಿದ್ದಳು. ಆಮೇಲೆ ಡಬ್ಬಿ ಹಿಡಿದು ಎದ್ದಳು, ಮಗನಿಗೆ ಕೊಟ್ಟಳು, ಬಾಗಿಲಲ್ಲಿ ನೆರೆದಿದ್ದ ಓಣಿಯವರಿಗೆಲ್ಲ ಕೊಟ್ಟಳು.

ಇಷ್ಟು ಹೇಳಿ ಮುಗಿಸಿದೆ. ನನ್ನ ಹೆಂಡತಿಯ ಕೈ ಒಂದು ಮೊಣಕಾಲಿನ ಮೇಲೆ ಎಂದೋ ನಿಂತುಹೋಗಿತ್ತು.

"ನಿಮಗ ಕೊಟ್ಟಳೇನ್ರಿ?" ಎಂದಳು.

"ಇಲ್ಲ."

"ಚಲೋ ಮಾಡಿದಳು."

ಸೀಸೆಗೆ ಬಿರಡೆ ಜಡಿದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಇನ್ನೊಂದು ಮೊಣಕಾಲು ಹಾಗೇ ಉಳಿಯಿತು. ಹಚ್ಚು ಎಂದು ನಾನೂ ಕರೆಯಲಿಲ್ಲ.