ಕನ್ನಡಿಯ ಅಮಾನತು

ಮೆಹಬೂಬಸಾಹೇಬರು ಯಾರೊಡನೆ ಮಾತನಾಡುವಾಗಲೂ ಮುಖವನ್ನು ಒಂದಿಷ್ಟು ಬಲಕ್ಕೆ ಹೊರಳಿಸಿಕೊಳ್ಳುತ್ತಿದ್ದರು. ಅದನ್ನು ಸೊಕ್ಕೆಂದು ತಿಳಿದವರು ಉಂಟು, ಸಂಕೋಚವೆಂದು ತಿಳಿದವರೂ ಉಂಟು. ಮೊದಲ ಭೇಟಿಯಲ್ಲಿ ನನಗಂತೂ ನನ್ನ ಹಣೆಯ ವಿಭೂತಿಯನ್ನು ಕಂಡೇ ಅವರು ಮುಖ ತಿರುಗಿಸಿದರೇನೋ ಎನಿಸಿ ಮನಸ್ಸು ಮುದುಡಿತ್ತು. ನಿಜವಾದ ಕಾರಣ ತಿಳಿದದ್ದು ಅವರು ದೂರದರ್ಶಕದ ಮುಚ್ಚಳ ತೆಗೆಯುವುದನ್ನು ನೋಡಿದ ಮೇಲೆ. ಅದರೊಳಗಿನ ಕನ್ನಡಿಯ ಮೇಲೆ ಉಸಿರು ತಾಕಬಾರದೆಂದು ವರ್ಷಗಟ್ಟಲೆ ಎಚ್ಚರವಹಿಸಿದ ಮನುಷ್ಯ ಅವರು; ಆ ಎಚ್ಚರ ಕ್ರಮೇಣ ಕುತ್ತಿಗೆಯಲ್ಲಿಯೇ ನೆಲೆಸಿಬಿಟ್ಟಿತ್ತು. ನೈವೇದ್ಯ ಒಯ್ಯುವ ಅರ್ಚಕರು ಬಾಯಿಗೆ ವಸ್ತ್ರ ಕಟ್ಟಿಕೊಳ್ಳುವುದನ್ನು ನಾನು ಬಾಲ್ಯದಿಂದ ಕಂಡವನು. ಆದರೆ ಗುಡಿಯಿಂದ ಹೊರಬಂದ ಮೇಲೂ ಆ ಮಡಿಯನ್ನು ಬಿಡದ ಅರ್ಚಕರನ್ನು ಕಂಡದ್ದು ಅವರೊಬ್ಬರಲ್ಲಿಯೇ.

ಶಿಗ್ಗಾವಿಯಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲದ ಒಂದು ತಿರುವಿನ ಮಗ್ಗುಲಿಗೆ ಬೋಳುಗುಡ್ಡವೊಂದಿದೆ. ನಕ್ಷತ್ರಗಳ ಮೋಹವಿದ್ದ ಒಬ್ಬ ಜಮೀನುದಾರರು ಅದರ ನೆತ್ತಿಯ ಮೇಲೆ ವೇಧಶಾಲೆಯನ್ನು ಕಟ್ಟಿಸಿದ್ದರು. ಮಕ್ಕಳಿಲ್ಲದ ಅವರು ತೀರಿಕೊಳ್ಳುವ ಮೊದಲು ಅದನ್ನು ಹಾನಗಲ್ಲಿನ ಒಂದು ಕಾಲೇಜಿಗೆ, ಶಿಗ್ಗಾವಿಯ ಒಂದು ಹೈಸ್ಕೂಲಿಗೆ ಮತ್ತು ಹಿರೇಕೆರೂರಿನ ನಮ್ಮ ಸಂಸ್ಕೃತ ಪಾಠಶಾಲೆಗೆ ಸಮನಾಗಿ ಬರೆದಿಟ್ಟರು. ಕಾಲೇಜಿಗೆ ಅದು ಭೌತಶಾಸ್ತ್ರದ ಪ್ರಯೋಗಶಾಲೆ. ಹೈಸ್ಕೂಲಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಜಾಗ. ಪಂಚಾಂಗ ಗಣಿಸುವ ನಮಗೆ ಗ್ರಹಗಳ ಉದಯಾಸ್ತಗಳನ್ನು ಕಣ್ಣಾರೆ ಕಂಡು ಲೆಕ್ಕವನ್ನು ತಿದ್ದಿಕೊಳ್ಳುವ ಆಧಾರ. ಮೂವರ ಪ್ರತಿನಿಧಿಗಳಿದ್ದ ಸಮಿತಿ ನೇಮಿಸಿದ ವ್ಯವಸ್ಥಾಪಕರು ಮೆಹಬೂಬಸಾಹೇಬರು. ಸವಣೂರಿನವರು, ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವರು.

ಯಾವ ಸಂಜೆ ಯಾರ ಸರದಿ ಎಂಬುದನ್ನು ಗೊತ್ತುಪಡಿಸುವುದು, ತಿರುಗುವ ಗುಮ್ಮಟದ ಗಾಲಿಗಳಿಗೆ ಎಣ್ಣೆ ಬಿಡುವುದು, ದೂರದರ್ಶಕವನ್ನು ಆಕಾಶದ ಗತಿಗೆ ಸರಿಯಾಗಿ ಸಾಗಿಸುವ ಗಡಿಯಾರಯಂತ್ರಕ್ಕೆ ಕೀಲಿ ಕೊಡುವುದು, ಮಳೆಗಾಲದಲ್ಲಿ ಗಾಜುಗಳಿಗೆ ಬೂಷ್ಟು ಹಿಡಿಯದಂತೆ ಕಾಯುವುದು, ಇವೆಲ್ಲ ಅವರ ಕೆಲಸ. ಇವೆಲ್ಲಕ್ಕಿಂತ ಕಠಿಣವಾದದ್ದು ಮೂವರ ಜಗಳ ಬಿಡಿಸುವುದು.

"ಒಂದ ಒಲಿ, ಮೂರು ಮಂದಿ ಸೊಸ್ತೇರು, ಶಾಸ್ತ್ರಿಗಳ," ಎನ್ನುತ್ತಿದ್ದರು. "ಅನ್ನಾ ಆಗೂದು ಕಡಿಮಿ, ಹೊಗಿನ ಹೆಚ್ಚು."

ವರ್ಷಕ್ಕೊಮ್ಮೆ ಕನ್ನಡಿಯನ್ನು ಹೊರತೆಗೆದು ತೊಳೆಯುತ್ತಿದ್ದರು. ಆ ದಿನ ನಾನು ತಪ್ಪದೆ ಹೋಗುತ್ತಿದ್ದೆ. ತುಂಬಿದ ಊಟದ ಎಲೆಯಷ್ಟು ಅಗಲದ ಆ ಗಾಜಿನ ಮೇಲೆ ಭಟ್ಟಿ ಇಳಿಸಿದ ನೀರನ್ನು ಎಳೆಯಾಗಿ ಬಿಡುತ್ತ, ಹತ್ತಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ಒರೆಸುತ್ತ, ಅವರು ಆ ಹೊತ್ತಿನಲ್ಲಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ನನಗೆ ಅದು ಅಭಿಷೇಕದಂತೆಯೇ ಕಾಣುತ್ತಿತ್ತು. ಹಾಗೆಂದು ಒಮ್ಮೆ ಅಂದೆ. "ಅಭಿಷೇಕ ಮುಗದ ಮ್ಯಾಲ ನೀವು ಮನೀಗೆ ಹೋಗ್ತೀರಿ," ಎಂದರು, "ನಾ ಗರ್ಭಗುಡ್ಯಾಗ ಉಳೀತೇನಿ."

ಮಾತಿನಲ್ಲಿ ನಗೆಯಿತ್ತು. ಆದರೆ ಅದು ಅಕ್ಷರಶಃ ಸತ್ಯವಾಗಿತ್ತು. ಚಾರ್ಜು ಇದ್ದವರು ಅದನ್ನು ಇನ್ನೊಬ್ಬರಿಗೆ ಒಪ್ಪಿಸದೆ ಒಂದು ರಾತ್ರಿಯೂ ಗುಡ್ಡ ಬಿಟ್ಟಿರಬಾರದೆಂದು ಸಮಿತಿಯ ಕಟ್ಟಳೆ. ವಹಿಸಿಕೊಳ್ಳಲು ಮಾತ್ರ ಯಾರೂ ಸಿದ್ಧರಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಸಾಹೇಬರು ಎಳೆಯ ವಯಸ್ಸಿನಲ್ಲಿ, ನೌಕರಿ ಸಿಕ್ಕ ಹಿಗ್ಗಿನಲ್ಲಿ, ಹಿಂದಿನ ವ್ಯವಸ್ಥಾಪಕರು ಬಸ್ಸಿಗೆ ಅವಸರ ಮಾಡುತ್ತಿದ್ದಾಗ, "ಸಮಸ್ತ ಉಪಕರಣಗಳನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ" ಎಂದು ಬರೆದು ಸಹಿ ಮಾಡಿದ್ದರು. ಮುಂದಿನ ತಿಂಗಳು ಕನ್ನಡಿಯನ್ನು ತೊಳೆಯಲೆಂದು ಅದರ ಸುತ್ತಲಿನ ಹಿತ್ತಾಳೆಯ ಬಳೆಯನ್ನು ಬಿಚ್ಚಿದರೆ, ಅಂಚಿನಲ್ಲಿ ಕಡಲೆಬೇಳೆಯಷ್ಟು ಚಕ್ಕೆ ಎದ್ದಿತ್ತು. ನೋಟಕ್ಕೆ ಅದರಿಂದ ಬಾಧೆಯೇನೂ ಇರಲಿಲ್ಲ. ಸಮಿತಿಗೆ ತಿಳಿಸಿದಾಗ ಮೂರೂ ಸಂಸ್ಥೆಗಳು ಉಳಿದೆರಡರ ಕಡೆ ಬೆರಳು ಮಾಡಿದವು. ಚಕ್ಕೆ ಎದ್ದಿದೆಯೆಂದು ಒಪ್ಪಿದರೆ ಯಾರ ಸರದಿಯಲ್ಲಿ ಎದ್ದಿತೆಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಚಕ್ಕೆಯೇ ಇಲ್ಲವೆಂದು ಮೂವರೂ ಒಮ್ಮತಕ್ಕೆ ಬಂದರು. ಅವರು ಒಮ್ಮತಕ್ಕೆ ಬಂದ ವಿಷಯ ನನಗೆ ತಿಳಿದಂತೆ ಅದೊಂದೇ. ಸುಸ್ಥಿತಿಯಲ್ಲಿ ಪಡೆದಿದ್ದೀರಿ, ಸುಸ್ಥಿತಿಯಲ್ಲಿ ಒಪ್ಪಿಸಿರಿ ಎಂದು ಸಾಹೇಬರಿಗೆ ಉತ್ತರ ಬಂದಿತು.

ಒಪ್ಪಿಸುವ ಅವಕಾಶ ಎರಡು ಸಲ ಬಂದಿತ್ತು. ಒಮ್ಮೆ ಹಾನಗಲ್ಲಿನ ತರುಣ ಉಪನ್ಯಾಸಕರೊಬ್ಬರು ಉತ್ಸಾಹದಿಂದ ಬಂದು, ಪೆನ್ನಿನ ಟೊಪ್ಪಿಗೆ ತೆಗೆದು, ಸಹಿ ಎಲ್ಲಿ ಎಂದು ಕೇಳಿದರು. ನಾನು ಅಲ್ಲಿಯೇ ಇದ್ದೆ.

"ತಡೀರಿ ಸರ," ಎಂದರು ಸಾಹೇಬರು. "ಬಳೀ ಬಿಚ್ಚತೇನಿ. ನೋಡಿ ಸಹಿ ಮಾಡ್ರಿ."

ತರುಣರು ನೋಡಿದರು. ಟೊಪ್ಪಿಗೆಯನ್ನು ಪೆನ್ನಿಗೆ ಮೆಲ್ಲಗೆ ತಿರುಗಿಸಿ ಹಾಕಿದರು. "ನನಗ ಮುಂದಿನ ತಿಂಗಳ ಲಗ್ನ ಐತ್ರಿ. ಈಗ ಇದೆಲ್ಲಾ ಯಾಕ," ಎಂದು ಎದ್ದರು. ಎರಡನೆಯವರು ಶಿಗ್ಗಾವಿಯ ವಿಜ್ಞಾನದ ಮಾಸ್ತರರು. ಚಕ್ಕೆಯನ್ನು ಕಂಡ ಮೇಲೆ ಅವರು ಚಹವನ್ನೂ ಕುಡಿಯಲಿಲ್ಲ.

"ನೀವು ಬಳಿ ಬಿಚ್ಚದಿದ್ದರ ಇಷ್ಟೊತ್ತಿಗೆ ಸವಣೂರಾಗ ಇರ್ತಿದ್ರಿ," ಎಂದೆ ನಾನು.

"ಹೌದ್ರಿ. ನಾ ನೋಡದ ಕುಣ್ಯಾಗ ಬಿದ್ದಾಂವ. ಕುಣಿ ಎಲ್ಲೈತಿ ಅಂತ ಗೊತ್ತಿದ್ದೂ ಇನ್ನೊಬ್ಬನ್ನ ಹೆಂಗ ನೂಕ್ಲಿ?"

ಎಂಬತ್ತನೆಯ ಇಸವಿಯ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಸೀಮೆಯ ಮೇಲೆಯೇ ಹಾಯ್ದುಹೋಯಿತು. ಆ ಮಧ್ಯಾಹ್ನ ಊರೂರುಗಳಲ್ಲಿ ಬಾಗಿಲು ಮುಚ್ಚಿದ್ದವು, ಬಸ್ಸುಗಳು ನಿಂತಿದ್ದವು. ಗುಡ್ಡದ ಮೇಲೆ ಮಾತ್ರ ನೂಕುನುಗ್ಗಲು. ಸೂರ್ಯ ಪೂರ್ತಿ ಮುಚ್ಚುವ ಆ ಕೆಲವು ನಿಮಿಷಗಳು ಯಾರ ಪಾಲಿನವು ಎಂದು ಒಂದು ವಾರದಿಂದ ವ್ಯಾಜ್ಯ ನಡೆದಿತ್ತು. ಸಾಹೇಬರು ಕಾಲೇಜಿನವರ ಕ್ಯಾಮರಾವನ್ನು ದೂರದರ್ಶಕಕ್ಕೆ ಜೋಡಿಸಿಕೊಟ್ಟರು, ಹೈಸ್ಕೂಲಿನ ಮಕ್ಕಳಿಗೆ ಬಿಳಿಯ ಹಲಗೆಯ ಮೇಲೆ ಸೂರ್ಯಬಿಂಬ ಬೀಳುವಂತೆ ಮಾಡಿದರು, ನನಗೆ ಸ್ಪರ್ಶ ಮೋಕ್ಷಗಳ ಹೊತ್ತನ್ನು ಕೂಗಿ ಹೇಳುವುದಾಗಿ ಒಪ್ಪಿಕೊಂಡರು. ನಾನು ಸ್ನಾನ ಮಾಡಿ, ಒದ್ದೆ ಮಡಿಯುಟ್ಟು, ಹೊರಗಿನ ಬಂಡೆಯ ಮೇಲೆ ಜಪಕ್ಕೆ ಕುಳಿತೆ. ಹಗಲು ಕಂದಿ, ಹಕ್ಕಿಗಳು ಮರ ಸೇರಿ, ಕಪ್ಪು ಬಿಂಬದ ಸುತ್ತ ಬೆಳ್ಳಿಯ ಪ್ರಭಾವಳಿ ತೆರೆದುಕೊಂಡಾಗ ನನ್ನ ಕೈಯ ಜಪಮಾಲೆ ನಿಂತಿತು. ಅಷ್ಟರ ಮಧ್ಯೆಯೂ ಒಳಗಿನಿಂದ ಸೆಕೆಂಡುಗಳನ್ನು ಎಣಿಸುವ ಸಾಹೇಬರ ಧ್ವನಿ, ಏರದೆ ಇಳಿಯದೆ, ಕೇಳಿಬರುತ್ತಲೇ ಇತ್ತು.

ಎಲ್ಲ ಮುಗಿದು ಬೆಳಕು ಮರಳಿದ ಮೇಲೆ ಹೊರಗೆ ಬಂದರು. "ಹೆಂಗಿತ್ರಿ ಶಾಸ್ತ್ರಿಗಳ?" ಎಂದು ಕೇಳಿದರು.

"ನೀವು ನೋಡಲಿಲ್ಲೇನು?"

"ನಾ ಗಡಿಯಾರಾ ನೋಡಾಕತ್ತಿದ್ನಿ," ಎಂದರು. ಬಳಿಕ ಪಶ್ಚಿಮಕ್ಕೆ ನಿಂತು ನಮಾಜು ಮಾಡಿದರು. ಅಂದು ಅದು ಎಂದಿಗಿಂತ ದೀರ್ಘವಾಗಿತ್ತು.

ಅವರ ತಾಯಿ ಹಲೀಮಾಬೀ ಸವಣೂರಿನಲ್ಲಿದ್ದರು. ತಿಂಗಳಿಗೊಮ್ಮೆ ವೀಳ್ಯದೆಲೆಯ ಕವಳಿ ಹಿಡಿದು, ಬಸ್ಸಿಳಿದು, ಗುಡ್ಡ ಹತ್ತಿ ಬರುತ್ತಿದ್ದರು. ಸಾಹೇಬರು ಅವರಿಗೆ ಒಬ್ಬನೇ ಮಗ. ಗುಡ್ಡದ ಮೇಲೆ ಸಂಸಾರ ಹೂಡಲು ಹೆಣ್ಣು ಕೊಡುವವರು ಸಿಗದೆ ಮದುವೆಯಾಗಿರಲಿಲ್ಲ. ಮುದುಕಿಯ ನಾಲಿಗೆ ಹರಿತವಾಗಿತ್ತು. "ಮಂದಿ ಮಕ್ಕಳು ಹೆಂಡ್ತೀನ ಕಾಯ್ತಾರ. ನನ್ನ ಮಗಾ ಕನ್ನಡಿ ಕಾಯ್ತಾನ. ಅದಕ ಮಕ್ಕಳೂ ಆಗಾಂಗಿಲ್ಲ, ಮುಪ್ಪೂ ಬರಾಂಗಿಲ್ಲ," ಎನ್ನುವರು. ಅವರಿಗಿದ್ದ ಆಸೆ ಒಂದೇ, ಹಜ್ಜಿಗೆ ಹೋಗುವುದು. ಅವರ ಪದ್ಧತಿಯಂತೆ ಹೆಂಗಸಿನ ಜೊತೆಗೆ ಹತ್ತಿರದ ಗಂಡು ರಕ್ತಸಂಬಂಧಿ ಇರಲೇಬೇಕು. ಇದ್ದವನು ಈ ಮಗನೊಬ್ಬನೇ. ಹಡಗಿನ ಪ್ರಯಾಣ, ಹೋಗಿ ಬರಲು ನಾಲ್ಕು ತಿಂಗಳು. ಒಮ್ಮೆ ಯಾತ್ರಿಕರನ್ನು ಆರಿಸುವ ಚೀಟಿಯಲ್ಲಿ ಅವರ ಹೆಸರು ಎದ್ದಾಗ ಮಗನಿಗೆ ಗುಡ್ಡದಿಂದ ಬಿಡುಗಡೆಯಾಗಲಿಲ್ಲ. ಹೆಸರು ಬೇರೆಯವರ ಪಾಲಾಯಿತು.

"ಒಂದು ಬೀಗ ಜಡಿದು ಹೋಗಿಬಿಡ್ರಿ. ತಾಯಿಗಿಂತ ದೊಡ್ಡದೇನು?" ಎಂದು ನಾನೇ ಅಂದಿದ್ದೆ.

"ಹಜ್ಜಿಗೆ ಹೋಗೂಕಿಂತ ಮೊದಲ ಅಮಾನತ್ತು ತಿರುಗಿ ಒಪ್ಪಸಬೇಕ್ರಿ. ನಂಬಿ ಕೊಟ್ಟ ಒಡವಿ ಬೀದ್ಯಾಗಿಟ್ಟು ಹೋದ್ರ ಅದೆಂಥಾ ಹಜ್ಜು?" ಎಂದರು. ಅದೇ ವರ್ಷ, ತಾಯಿಗೆ ಜ್ವರ ಬಂದು ಅವರು ಒಂದು ರಾತ್ರಿ ಸವಣೂರಿನಲ್ಲಿ ಉಳಿದದ್ದಕ್ಕೆ, ಅಮಾನತು ಮಾಡಬೇಕಾದೀತೆಂದು ಸಮಿತಿ ಎಚ್ಚರಿಸಿತ್ತು. ಅದನ್ನು ನೆನೆದು ನಕ್ಕರು. "ನಮ್ಮ ಮನ್ಯಾಗ ಅಮಾನತ್ ಅಂದ್ರ ಕಾಪಾಡೂ ಒಡವಿ, ನಿಮ್ಮ ಆಫೀಸ ಕನ್ನಡದಾಗ ನೌಕರೀಲಿಂದ ದೂರ ಇಡೂದು. ಮೊದಲಿಂದು ಇರೂತನಕ ಎರಡನೇದು ಸುದ್ದಾ ನನಗ ಸಿಗಾಂಗಿಲ್ರಿ. ಅಮಾನತು ಮಾಡಾಕೂ ಒಬ್ಬಾಂವ ಚಾರ್ಜು ತಗೋಬೇಕಲ್ಲ."

ನಾನು ಪಾಠಶಾಲೆಯಿಂದ ನಿವೃತ್ತನಾದ ವರ್ಷ ಮುದುಕಿಯ ಹೆಸರು ಮತ್ತೆ ಎದ್ದಿತು. ಮಾಸೂರಿನ ನಮ್ಮ ಮನೆಯಲ್ಲಿ, ಮದಗದ ಕೆರೆಯ ಗಾಳಿಯಲ್ಲಿ, ಪೂಜೆ ಪಾರಾಯಣಗಳಲ್ಲಿ ಉಳಿದ ಆಯುಷ್ಯವನ್ನು ಕಳೆಯಬೇಕೆಂದು ನಾನು ಸಾಮಾನು ಕಟ್ಟಿದ್ದೆ. ಸಾಹೇಬರಿಗೆ ಹೇಳಿಬರಲು ಗುಡ್ಡಕ್ಕೆ ಹೋದಾಗ ಹಲೀಮಾಬೀ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದರು. ಅಂದು ಹರಿತದ ಮಾತು ಇರಲಿಲ್ಲ. "ಶಾಸ್ತ್ರಿಗಳ, ಇನ್ನೊಂದು ಸಲಾ ಚೀಟಿ ಏಳೂತನಕ ಈ ಮೊಳಕಾಲು ತಡ್ಯಾಂಗಿಲ್ರಿ," ಎಂದರು, ಅಷ್ಟೇ.

ಪುಣ್ಯಕ್ಷೇತ್ರದ ಹಂಬಲ ಎಂತಹದೆಂದು ನನಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಚಾರ್ಜು ನನಗೆ ಕೊಡಿರಿ ಎಂದೆ.

ಸಾಹೇಬರು ಗುಮ್ಮಟದ ಬಾಗಿಲ ಕಡೆ ನೋಡಿದರು. "ಒಳಗ ಹೋಗೂದು ಸಸಾರ ಐತ್ರಿ ಶಾಸ್ತ್ರಿಗಳ. ವಿಚಾರ ಮಾಡ್ರಿ."

"ನಾಕ ತಿಂಗಳ ಮಾತು."

"ನಾನೂ ಹಂಗ ಅಂದು ಬಂದಿದ್ನಿ," ಎಂದರು. ಬಳೆಯನ್ನು ಬಿಚ್ಚಿ ನನಗೂ ಚಕ್ಕೆಯನ್ನು ತೋರಿಸಿದರು.

ಉಳಿದದ್ದು ಒಂದೇ ತೊಡಕು. ಸುಸ್ಥಿತಿ ಎಂದು ಬರೆದರೆ ಸುಳ್ಳು. ಚಕ್ಕೆಯಿದೆ ಎಂದು ಬರೆದರೆ ಸಮಿತಿ ಒಪ್ಪದು. ಜೀವಮಾನವೆಲ್ಲ ಶಬ್ದಗಳೊಡನೆ ಬಾಳಿದ ನನಗೆ ಶಬ್ದವೇ ನೆರವಾಯಿತು. "ಸಮಸ್ತ ಉಪಕರಣಗಳನ್ನು ಯಥಾಸ್ಥಿತಿಯಲ್ಲಿ ಪಡೆದಿದ್ದೇನೆ" ಎಂದು ಬರೆದೆ. ಇದ್ದದ್ದನ್ನು ಇದ್ದ ಹಾಗೆ.

ಸಮಿತಿಯ ಅಧ್ಯಕ್ಷರು ಕನ್ನಡಕವನ್ನು ಮೇಲಕ್ಕೆ ಸರಿಸಿ ಓದಿದರು. "ಸುಸ್ಥಿತಿ ಅಂದ್ರೂ ಇದ ಹೌದಲ್ರಿ, ಶಾಸ್ತ್ರಿಗಳ?"

"ಸ್ಥಿತಿ ಎರಡರಾಗೂ ಐತ್ರಿ," ಎಂದೆ.

ಸಂಸ್ಕೃತದ ಗಾಂಭೀರ್ಯಕ್ಕೆ ತಲೆದೂಗಿ ಅವರು ಸಹಿ ಹಾಕಿದರು. ಸಾಹೇಬರು ಮಾತ್ರ ಕಿಟಕಿಯ ಕಡೆ ನೋಡುತ್ತ ನಗೆ ತಡೆದುಕೊಳ್ಳುತ್ತಿದ್ದರು.

ಹಜ್ಜಿಗೆ ಹೊರಡುವವರು ಎಲ್ಲರ ಬಳಿ ಹೋಗಿ ಕ್ಷಮೆ ಕೇಳಬೇಕೆಂಬುದು ಅವರಲ್ಲಿಯ ರೂಢಿ. ಸಾಹೇಬರು ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಮೂರೂ ಊರು ಸುತ್ತಿ, ಸಮಿತಿಯ ಒಬ್ಬೊಬ್ಬ ಸದಸ್ಯರ ಮನೆಬಾಗಿಲಿಗೂ ಹೋಗಿ ಕೈಮುಗಿದು ಬಂದರು. ಕೊನೆಗೆ ನನ್ನ ಮುಂದೆ ನಿಂತು, "ಅಂದದ್ದು ಆಡಿದ್ದು ಮಾಫ್ ಮಾಡ್ರಿ. ನಿಮ್ಮನ್ನ ಇಲ್ಲಿ ಕಟ್ಟಿ ಹೊಂಟೇನಿ, ಅದನ್ನೂ," ಎಂದರು. ತಾಯಿಯ ಕೈಹಿಡಿದು ಗುಡ್ಡ ಇಳಿಯುವಾಗ ಅವರ ನಡಿಗೆ, ಬಹುಕಾಲ ಹೊತ್ತ ಭಾರವನ್ನು ಇಳಿಸಿದವರಂತೆ, ಆಯ ತಪ್ಪುತ್ತಿತ್ತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಯಾತ್ರಿಕರು ಮರಳಿದ ಸುದ್ದಿ ಬಂದ ಕೆಲವು ದಿನಗಳ ಮೇಲೆ ಹಲೀಮಾಬೀ ಒಬ್ಬರೇ ಗುಡ್ಡ ಹತ್ತಿ ಬಂದರು. ನೀರು ಕೊಟ್ಟೆ. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು. ಹಜ್ಜಿನ ವಿಧಿಗಳೆಲ್ಲ ಸಾಂಗವಾಗಿ ಮುಗಿದವು. ಆಮೇಲೆ ಅಲ್ಲಿಯ ಬಿಸಿಲಿಗೆ ಮಗನಿಗೆ ಜ್ವರ ಏರಿತು, ಇಳಿಯಲಿಲ್ಲ. ಅಲ್ಲಿಯ ಮಣ್ಣಿನಲ್ಲಿಯೇ ಇಟ್ಟು ಬಂದರು.

"ಹೋಗೂ ಮುಂದ ಹಡಗದಾಗ ಮಲಗಲ ಇಲ್ರಿ ಅಂವಾ," ಎಂದರು. "ರಾತ್ರಿಯೆಲ್ಲಾ ಮಾಳಗಿ ಮ್ಯಾಲ ಕುಂತು ಚಿಕ್ಕಿ ನೋಡಾಂವ. ಥಂಡಿ ಐತಿ, ಒಳಗ ಬಾರೋ ಅಂದ್ರ, 'ಅಮ್ಮಾ, ಇದಕ್ಕ ಬಾಗಲಾ ಇಲ್ಲ, ನಾ ಹಾಕೂದು ಏನೂ ಇಲ್ಲ, ಇನ್ನೊಂದೀಟ ಕುಂದರ್ತೇನಿ' ಅಂದ."

ಆಕೆಗೆ ನಾನು ಹೇಳದಿದ್ದ ಒಂದು ಸಂಗತಿಯಿತ್ತು. ಅವಧಿ ಮುಗಿಯುತ್ತ ಬಂತೆಂದು ಆಗಲೇ ಸಮಿತಿಗೆ ನಾನೊಂದು ಅರ್ಜಿ ಕಳಿಸಿದ್ದೆ. ಚಾರ್ಜನ್ನು ಯಾರಿಗೆ ಬೇಕಾದರೂ ಒಪ್ಪಿಸಬಹುದು, ಆದರೆ ಬರೆಯುವ ಶಬ್ದ 'ಸುಸ್ಥಿತಿ'ಯೇ ಆಗಿರತಕ್ಕದ್ದು ಎಂದು ಉತ್ತರ ಬಂದಿತ್ತು. ಅಷ್ಟರಲ್ಲಿ ಯಾರೋ ಅಧ್ಯಕ್ಷರಿಗೆ ನಿಘಂಟು ತೋರಿಸಿದ್ದರು.

ಮುದುಕಿ ಕೋಲು ಊರಿ ಎದ್ದರು. "ಬರೂ ಶುಕ್ರವಾರ ರಾತ್ರಿ ಅವನ ಹೆಸರಲೆ ಮನ್ಯಾಗ ಫಾತಿಹಾ ಓದಸೂದೈತ್ರಿ. ನಿಮಗ ಬ್ಯಾರೆ ಹಾಲು ಹಣ್ಣು ಇಡಸ್ತೇನಿ. ನೀವು ಬಂದ್ರ ಅವಗ ಸಮಾಧಾನ."

ಬರುತ್ತೇನೆ ಎನ್ನಲು ನಾನು ಬಾಯಿ ತೆರೆದೆ. ಆಕೆ ನನ್ನ ಮುಖವನ್ನೊಮ್ಮೆ, ನನ್ನ ಬೆನ್ನ ಹಿಂದಿನ ಗುಮ್ಮಟವನ್ನೊಮ್ಮೆ ನೋಡಿದರು.

"ಅಯ್ಯ, ನೀವು ಹೆಂಗ ಬರ್ತೀರಿ," ಎಂದರು, ಆಕ್ಷೇಪವಿಲ್ಲದೆ. "ನಂದ ತಪ್ಪು. ಕೇಳಬಾರದಿತ್ತು."

ಶುಕ್ರವಾರ ಬಂದಿತು. ನಾನು ಗುಡ್ಡದ ಮೇಲೆಯೇ ಇದ್ದೆ.