ಗಾಡಿಗೆ ಹೂಡಿ ಕೊಂಡ ಕಂಪ್ಯೂಟರ್

ನಮ್ಮ ಒಣ ಕಾಲುವೆಯ ವಿಡಿಯೊವನ್ನು ಮರುದಿನವೇ ನೀರಾವರಿ ಸಾಹೇಬರಿಗೆ ತೋರಿಸಬೇಕಿತ್ತು. ನನ್ನ ಹಳೆಯ ಲ್ಯಾಪ್‌ಟಾಪ್ ಎಡಿಟಿಂಗ್ ನಡುವೆಯೇ ನಿಂತುಬಿಡುತ್ತಿತ್ತು. ಹೊಸದು ಕೊಳ್ಳಲು ಹೋದಾಗ ಶಹಾಪುರದ ಅಂಗಡಿಯವನು ಬಣ್ಣದ ದೀಪ ಮಿನುಗುವ ಕಂಪ್ಯೂಟರ್ ಮುಂದಿಟ್ಟ.

“ದೀಪ ನೋಡಾಕ ಬಂದಿಲ್ಲಪ್ಪ. ಎತ್ತು ಕೊಳ್ಳುವಾಗ ಗಾಡಿಗೆ ಹೂಡಿ ನೋಡ್ತೀವಿ. ಇದನ್ನೂ ಹೂಡು,” ಎಂದು ಕಾಲುವೆಯ ವಿಡಿಯೊ ಇದ್ದ ಪೆನ್‌ಡ್ರೈವ್ ಕೊಟ್ಟೆ.

ಅವನು ನಗುತ್ತ ದೀಪದ ಕಂಪ್ಯೂಟರಿಗೂ, ಮೂಲೆಯಲ್ಲಿದ್ದ ಕರಿ ಡಬ್ಬಿಯಂಥ ಇನ್ನೊಂದಕ್ಕೂ ಅದೇ ವಿಡಿಯೊ ಹಾಕಿದ. ನಾವು ಚಹಾ ಕುಡಿಯುವಷ್ಟರಲ್ಲಿ ಕರಿ ಡಬ್ಬಿ ಕೆಲಸ ಮುಗಿಸಿತ್ತು. ದೀಪದ್ದು ಇನ್ನೂ ಅರ್ಧದಲ್ಲಿತ್ತು.

“ಇದರ ಪ್ರೊಸೆಸರ್ ಗಟ್ಟಿ ಐತ್ರಿ ಕಾಕಾ. ಚಂದ ಇಲ್ಲಂತ ಯಾರೂ ಒಯ್ಯಂಗಿಲ್ಲ,” ಎಂದ. ನಾನು ಒಯ್ದೆ.

ಮರುದಿನ ಸಾಹೇಬರು ವಿಡಿಯೊ ನೋಡಿ, “ಭಾಳ ಕ್ಲಿಯರ್ ಐತಿ. ಕಂಪ್ಯೂಟರ್ ಯಾವ ಅಂಗಡ್ಯಾಗ ತಗೊಂಡ್ರಿ?” ಎಂದರು.

“ಮೊದಲು ನೀರು ಬಿಡ್ರಿ, ಆಮ್ಯಾಲೆ ಹೇಳ್ತೀನಿ.”

ಮೂರನೆಯ ದಿನ ಕಾಲುವೆಗೆ ನೀರು ಬಂತು. ಹಿಂದೆಯೇ ಸಾಹೇಬರ ಫೋನೂ ಬಂತು: “ಈಗಾದ್ರೂ ಅಂಗಡಿ ಹೆಸರು ಹೇಳ್ರಿ.”