ದಪ್ಪ ಅಂಚಿನ ಸೀ ರೊಟ್ಟಿ

ಬಾಳೆ ಎಲೆ ಹೆಂಚಿನ ಮೇಲೆ ಬಾಡಿ ಕಪ್ಪಾಗುವಾಗ ಮೊದಲು ಹಸಿರು ಸುಟ್ಟ ವಾಸನೆ ಬರುತ್ತದೆ. ಅದರ ಹಿಂದೆ ಅಂಚಿಗೆ ಇಳಿದ ಬೆಲ್ಲ ಹೊತ್ತುವ ವಾಸನೆ. ಕೊನೆಗೆ, ಸ್ವಲ್ಪ ತಡವಾಗಿ, ಕಳಿತ ಬಾಳೆಹಣ್ಣಿನದು. ಕಳೆದ ಪಿತೃಪಕ್ಷದ ಅಮಾವಾಸ್ಯೆಯ ಬೆಳಿಗ್ಗೆ, ಯಳಂದೂರಿನ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯ ಗ್ಯಾಸ್ ಒಲೆಯ ಮುಂದೆ ನಿಂತಿದ್ದೆ. ಆ ಮೂರನೆಯ ವಾಸನೆ ಬರುವಷ್ಟರಲ್ಲಿ ನಾನು ಎಂಟು ವರ್ಷದ ಹುಡುಗಿಯಾಗಿಬಿಟ್ಟಿದ್ದೆ. ಹೀಗೆ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಐವತ್ತು ದಾಟಿದ ಹೆಂಗಸಾಗಿಯೇ ನಿಂತಿದ್ದೆ, ಮೊಣಕಾಲು ನೋಯುತ್ತಿತ್ತು, ಹೊರಗೆ ಅಣ್ಣ ಎಡೆಯ ಸಾಮಾನಿಗೆ ಯಾರನ್ನೋ ಕೂಗುತ್ತಿದ್ದ. ನೆನಪು ತಾನಾಗಿ ಬರಲಿಲ್ಲ. ಅದನ್ನು ಎಳೆದು ತರಬೇಕೆಂದೇ ಕೊಳ್ಳೇಗಾಲದಿಂದ ಕಳಿತ ಹಣ್ಣು ಕಟ್ಟಿಕೊಂಡು ಬಂದು ರೊಟ್ಟಿ ತಟ್ಟಿದ್ದೆ.

ಇದು ಚಿಕ್ಕತಾಯಿ ಅತ್ತೆಯ ರೊಟ್ಟಿ. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಇದಕ್ಕಿಂತ ಸುಲಭವಾದ ಸಿಹಿ ನನಗೆ ಗೊತ್ತಿಲ್ಲ. ಯಾರೂ ಮುಟ್ಟದಷ್ಟು ಕಪ್ಪಾದ ಬಾಳೆಹಣ್ಣನ್ನು ಬೆಲ್ಲದ ಜೊತೆ ಕೈಯಲ್ಲೇ ಕಿವುಚಬೇಕು, ಒಂದು ಹರಳು ಉಪ್ಪು ಹಾಕಬೇಕು, ಹಣ್ಣು ಎಷ್ಟು ಕೇಳುತ್ತದೋ ಅಷ್ಟು ಗೋಧಿ ಹಿಟ್ಟು ಸೇರಿಸಬೇಕು. ನೀರು ಬೇಡ. ಎಲೆಯ ಮೇಲೆ ತಟ್ಟಿ, ಎಲೆಸಮೇತ ಹೆಂಚಿಗೆ ಕವುಚಿ, ಎಲೆ ತಾನೇ ಬಿಟ್ಟುಕೊಂಡಾಗ ಸುಲಿದು ತೆಗೆಯಬೇಕು. ಏಲಕ್ಕಿಯನ್ನೂ ಹಾಕುತ್ತಿದ್ದಳು ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆ ಮನೆಯಲ್ಲಿ ಏಲಕ್ಕಿ ಇರಲೇ ಇಲ್ಲ, ನಾನೇ ಆಮೇಲೆ ಸೇರಿಸಿದ್ದು. ಅತ್ತೆಯ ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅದು ಮುರಿದದ್ದು ಹೇಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. ಆ ಕೈಯಲ್ಲಿ ತಟ್ಟಿದ ರೊಟ್ಟಿ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಬರುತ್ತಿತ್ತು. ದಪ್ಪ ಅಂಚು ಒಳಗೆ ಮೆತ್ತಗೆ, ಹಲ್ವದಂತೆ ಇರುತ್ತಿತ್ತು. ಅದು ನನಗೇ ಬೇಕೆಂದು ನಾನೂ ಅಣ್ಣನೂ ಕಿತ್ತಾಡುತ್ತಿದ್ದೆವು.

ಹನೂರು ದಾಟಿ ಗೋಪಿನಾಥಂ ಕಡೆಯ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ಒಂದು ದಿನ ಬರಿಗೈಯಲ್ಲಿ, ಅಂದರೆ ಬಳೆಯೂ ಇಲ್ಲದ ಕೈಯಲ್ಲಿ, ಗಂಡನ ಮನೆ ಬಿಟ್ಟು ಬಸ್ಸಿಳಿದು ಬಂದವಳು ನಮ್ಮಲ್ಲೇ ಉಳಿದಿದ್ದಳು. ಹೋಗು ಎಂದು ಅಪ್ಪ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಅವಳು ಮಾತ್ರ ತಮಾಷೆ ಮಾಡುತ್ತಿದ್ದಳು. "ನಮ್ಮತ್ತೆ ಬಯ್ಯೋದು ತಮಿಳಲ್ಲಿ ಕಣತ್ಗೆ. ಅರ್ಧ ಅರ್ತ ಆಗಕಿಲ್ಲ. ಅಷ್ಟಾದ್ರೂ ಪುಣ್ಯ ಮಾಡಿವ್ನಿ," ಎಂದು ಅವ್ವನಿಗೆ ಹೇಳಿ ನಗುತ್ತಿದ್ದಳು. ಅವ್ವ ನಗುತ್ತಿದ್ದಳೋ ಇಲ್ಲವೋ ಈಗ ನನಗೆ ಕಾಣುವುದಿಲ್ಲ. ಸೊಪ್ಪು ಹೆಚ್ಚುತ್ತಿದ್ದ ಅವಳ ಬೆನ್ನು ಮಾತ್ರ ಕಾಣುತ್ತದೆ.

ನಮ್ಮದು ರೇಷ್ಮೆ ಹುಳದ ಮನೆ. ಹುಳಕ್ಕೆ ಬೇರೆ ಕೋಣೆ ಇರಲಿಲ್ಲ, ನಾವೇ ಅವುಗಳ ಕೋಣೆಯಲ್ಲಿ ಇದ್ದೆವು. ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ಎರಡು ಸ್ಟ್ಯಾಂಡು ಅಟ್ಟದವರೆಗೆ ನಿಂತಿದ್ದವು. ಅವುಗಳ ಕಾಲಿನ ಸುತ್ತ ನಾವು ಚಾಪೆ ಹಾಸಿ ಮಲಗುತ್ತಿದ್ದೆವು. ಸ್ಟ್ಯಾಂಡಿನ ಒಂದೊಂದು ಕಾಲೂ ನೀರು ತುಂಬಿದ ಒಂದೊಂದು ಬಟ್ಟಲಿನಲ್ಲಿ ನಿಂತಿರುತ್ತಿತ್ತು, ಇರುವೆ ಹತ್ತದಿರಲಿ ಎಂದು. ಗೋಡೆಗೂ ಸ್ಟ್ಯಾಂಡಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿರುತ್ತಿದ್ದರು. ಹುಳ ಸೊಪ್ಪು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಅದು ಪಕ್ಕದಲ್ಲಿ ಯಾರೋ ಕಾಗದ ಮಡಚುತ್ತಲೇ ಇರುವಂತೆ ಕೇಳುತ್ತಿತ್ತು. ನಾಲ್ಕು ಸಲ ಆ ಸದ್ದು ನಿಲ್ಲುತ್ತಿತ್ತು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಬಂತೆಂದರೆ ನಮಗೂ ಪಥ್ಯ. ಒಗ್ಗರಣೆ ಇಲ್ಲ, ತುಪ್ಪ ಕಾಯಿಸುವಂತಿಲ್ಲ, ಸಿಹಿ ಮಾಡುವಂತಿಲ್ಲ, ಅಪ್ಪನಿಗೆ ಬೀಡಿಯೂ ಇಲ್ಲ. ಬರೀ ಹಿಟ್ಟು, ಅಂದರೆ ರಾಗಿ ಮುದ್ದೆ, ಬೇಯಿಸಿದ ಸೊಪ್ಪಿನ ಸಾರು. ವಾಸನೆಗೆ ಹುಳ ಕೆಡುತ್ತದೆ ಎಂದು ನಂಬಿಕೆ. ನಂಬಿಕೆ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದು ಕಾನೂನಾಗಿತ್ತು.

ಸರಿಯಾಗಿ ಆ ನಾಲ್ಕನೆಯ ಜ್ವರದ ದಿನವೇ ನಮ್ಮ ಶಾಲೆಗೆ ಫೋಟೊ ತೆಗೆಯುವವರು ಬರುವವರಿದ್ದರು. ನಮ್ಮ ಟೀಚರಿಗೆ ವರ್ಗವಾಗಿತ್ತು, ಮೂರನೆಯ ಕ್ಲಾಸಿನ ಎಲ್ಲರನ್ನೂ ಕೂರಿಸಿ ಒಂದು ಗ್ರೂಪ್ ಫೋಟೊ. ನನ್ನ ಜೀವನದ ಮೊದಲ ಫೋಟೊ. ಅಂಥ ದಿನ ಬೆಳಿಗ್ಗೆ ಸೀ ರೊಟ್ಟಿಯೇ ಆಗಬೇಕು ಎಂದು ಹಟ ಹಿಡಿದೆ.

"ಉಳ ಜರಕ್ಕೆ ಕೂತವೆ. ಸೀ ಗೀ ಅಂದ್ರೆ ನಾಲ್ಗೆಗೆ ಬರೆ ಆಕ್ತೀನಿ ನೋಡು," ಎಂದಳು ಅವ್ವ.

"ಬುಡತ್ಗೆ," ಎಂದಳು ಅತ್ತೆ. "ಇಟ್ಟು ತಿಂದ್ಕಂಡು ಪೋಟಕ್ಕೆ ನಿಂತ್ರೆ ಕೂಸಿನ ಮಕ ಇಟ್ನಂಗೇ ಬರ್ತದೆ. ಇತ್ಲಲ್ಲಿ ನೀರೊಲೆ ಮ್ಯಾಲೆ ಮಾಡ್ಕೊಡ್ತೀನಿ. ಗಾಳಿ ಅತ್ಲಾಗೆ ಬೀಸ್ತಾ ಅದೆ."

ಹಿತ್ತಿಲಿನಲ್ಲಿ, ಸ್ನಾನದ ಹಂಡೆಯನ್ನು ಇಳಿಸಿ, ಅದೇ ಒಲೆಯ ಮೇಲೆ ಹೆಂಚಿಟ್ಟಳು. ಹಿಟ್ಟು ಹತ್ತಿದ ಬೆರಳನ್ನು ಎತ್ತಿ ಹಿಡಿದು ಗಾಳಿ ಯಾವ ಕಡೆ ಎಂದು ಮತ್ತೆ ಮತ್ತೆ ನೋಡಿದಳು. ಹಿಂಬಾಗಿಲು ಎಳೆದು ಅದರ ಸಂದಿಗೆ ಒದ್ದೆ ಗೋಣಿ ತುರುಕಿದಳು. ಮಾಡಿದ್ದು ಎರಡೇ ರೊಟ್ಟಿ, ನನಗೊಂದು, ಅಣ್ಣನಿಗೊಂದು. ಕೈ ತೊಳೆದೇ ಒಳಗೆ ಹೋಗಬೇಕು ಎಂದು ನನ್ನ ಬೆರಳುಗಳನ್ನು ತಾನೇ ಬೂದಿಯಲ್ಲಿ ಉಜ್ಜಿದಳು. ಇಷ್ಟು ಎಚ್ಚರಿಕೆ ವಹಿಸಿದ್ದಳು. ಅವಳು ಅತ್ತ ತಿರುಗಿದಾಗ, ನನ್ನ ರೊಟ್ಟಿಯಲ್ಲಿ ಉಳಿಸಿಕೊಂಡಿದ್ದ ದಪ್ಪ ಅಂಚನ್ನು ಅದೇ ಎಲೆಯಲ್ಲಿ ಸುತ್ತಿ ಲಂಗದಲ್ಲಿ ಅಡಗಿಸಿಕೊಂಡು ಒಳಗೆ ಹೋದೆ. ಅಣ್ಣನ ಕೈಗೆ ಸಿಗದ ಜಾಗ ಮನೆಯಲ್ಲಿ ಒಂದೇ ಇತ್ತು. ಡಬ್ಬದ ಮೇಲೆ ಹತ್ತಿ ನಿಂತು, ಗೋಡೆಗೂ ಸ್ಟ್ಯಾಂಡಿನ ತಟ್ಟೆಗೂ ನಡುವಿನ ಆ ಗೇಣು ಜಾಗದಲ್ಲಿ ಪೊಟ್ಟಣವನ್ನು ಸಿಕ್ಕಿಸಿದೆ. ಡಬ್ಬವೋ ಮಣೆಯೋ, ಖಾತ್ರಿಯಿಲ್ಲ. ಅದನ್ನು ಅತ್ತೆಗೆಂದು ಎತ್ತಿಟ್ಟೆ ಎಂದು ಬರೆಯಲು ನನಗೆ ಎಷ್ಟೋ ಸಲ ಆಸೆಯಾಗಿದೆ. ಅವಳಿಗೆ ರೊಟ್ಟಿ ಉಳಿದಿರಲಿಲ್ಲವಲ್ಲ. ಇಲ್ಲ. ಶಾಲೆಯಿಂದ ಬಂದು ನಾನೇ ತಿನ್ನಬೇಕೆಂದು ಇಟ್ಟೆ. ಫೋಟೊದ ಸಡಗರದಲ್ಲಿ ಮರೆತೆ.

ಮಾರನೆಯ ಬೆಳಿಗ್ಗೆ ಎದ್ದಾಗ ಗೋಡೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ನೆಲದಿಂದ ಎದ್ದು, ನನ್ನ ಪೊಟ್ಟಣವನ್ನು ಸೇತುವೆ ಮಾಡಿಕೊಂಡು, ತಟ್ಟೆಯಿಂದ ತಟ್ಟೆಗೆ ಇಳಿದಿತ್ತು. ಜ್ವರದ ಹುಳ ಓಡುವುದಿಲ್ಲ, ಒದ್ದಾಡುವುದೂ ಇಲ್ಲ. ತಲೆ ಎತ್ತಿಕೊಂಡು ಕೂತಹಾಗೇ ಒಂದು ಸ್ಟ್ಯಾಂಡಿನ ಹುಳ ಪೂರ್ತಿ ಇರುವೆಯ ಪಾಲಾಗಿದ್ದವು. ಸದ್ದೇ ಆಗಿರಲಿಲ್ಲ.

"ಜರದಲ್ಲಿ ಸೀ ಮಾಡಿದ್ಯಾರು?" ಅಪ್ಪ ಕೂಗಲಿಲ್ಲ, ಮೆಲ್ಲಗೆ ಕೇಳಿದ.

"ನಾನೇ ಕಣಣ್ಣ," ಎಂದಳು ಅತ್ತೆ.

"ನಿನ್ ಕಾಲು ಈ ಮನೆಗೆ ಸರಿಬರ್ನಿಲ್ಲ ಕಣವ್ವ. ನಾಳೆ ಬಸ್ಗೆ ಓಗವ. ನಾನೇ ಬುಟ್ಟು ಬತ್ತೀನಿ."

ಇಲ್ಲಿ ನನ್ನ ನೆನಪಿನಲ್ಲಿ ಒಂದು ಚಿತ್ರವಿದೆ. ಅಪ್ಪ ಬರುವ ಮುಂಚೆಯೇ ಅತ್ತೆ ಆ ಎಲೆಯನ್ನು ಗೋಡೆಯ ಸಂದಿಯಿಂದ ತೆಗೆದು, ನನ್ನನ್ನು ಒಮ್ಮೆ ನೋಡಿ, ಸೊಂಟದ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಾಳೆ. ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಹೋದಳು ಎಂದು ನಲವತ್ತು ವರ್ಷದಿಂದ ಅಳುತ್ತಾ ಬಂದಿದ್ದೇನೆ. ಹಾಗೆ ಅಳುವುದರಲ್ಲಿ ಒಂದು ಸುಖವಿದೆ, ನಿಮಗೂ ಗೊತ್ತಿರಬಹುದು. ಅವಳಿಗೆ ಗೊತ್ತಿತ್ತು ಎಂದಾದರೆ ಅವಳು ನನ್ನನ್ನು ಕ್ಷಮಿಸಿದ್ದಳು ಎಂದೂ ಆಗುತ್ತದೆ. ನಾನು ಮಾತ್ರ ಆವತ್ತು ಬಾಯಿ ಬಿಡಲಿಲ್ಲ. ಮರುದಿನ ಯಳಂದೂರಿನಲ್ಲಿ ಬಸ್ಸಿನ ಕಿಟಕಿಯಲ್ಲಿ ಕೂತು, "ಪೋಟ ಬಂದ್ರೆ ನಂಗೂ ತೋರ್ಸು ಕೂಸು," ಎಂದಳು. ಆಗಲೂ ಬಿಡಲಿಲ್ಲ.

ಆಮೇಲೆ ಅವಳು ನಮ್ಮ ಮನೆಗೆ ಬಂದದ್ದು ನೆಂಟಳಾಗಿ, ಬೆರಳೆಣಿಕೆಯಷ್ಟು ಸಲ. ಒಂದು ಸಲ ಬಂದಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ಅದನ್ನೂ ಯಾರೂ ಕೇಳಲಿಲ್ಲ. ನನ್ನ ಮದುವೆಯ ಹಿಂದಿನ ದಿನ, ಬೆಳಿಗ್ಗೆಗೆ ಒಂದು ಸೀ ರೊಟ್ಟಿ ಮಾಡಿಕೊಡತ್ತೆ ಎಂದು ಕೇಳಿದೆ. "ಬ್ಯಾಡ ಕಣವ್ವ, ನನ್ ಕೈ ಸೀ ಒಳ್ಳೇದಲ್ಲ," ಎಂದು ಸೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಣಿಕಟ್ಟಿನ ನೋವಿಗೆ ಹಾಗೆಂದಳು ಅಂದುಕೊಂಡೆ. ಆ ಪಿತೃಪಕ್ಷಕ್ಕೆ ಮುಂಚಿನ ಮಳೆಗಾಲದಲ್ಲಿ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳ ಬಲಗಿವಿಯ ಹತ್ತಿರ ಬಗ್ಗಿ ಕೊನೆಗೂ ಹೇಳಿದೆ, "ಅತ್ತೆ, ಆವತ್ತು ಆ ಎಲೆ ಇಟ್ಟಿದ್ದು ನಾನು."

"ಯಾವ ಎಲ್ಯವ್ವಾ?" ಎಂದಳು. ನನ್ನ ಮುಖವನ್ನೇ ನೋಡಿದಳು. "ಉಂಡ್ಯಾ?"

ಉಂಡೆ ಎಂದೆ. ಎರಡು ದಿನದ ಮೇಲೆ ಹೋದಳು.

ಕೊಟ್ಟ ಹೆಣ್ಣಿಗೆ ತವರಿನಲ್ಲಿ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಆ ಅಮಾವಾಸ್ಯೆಯ ದಿನ ಅಪ್ಪ ಅವ್ವನ ಎಲೆಗಳ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ರೊಟ್ಟಿ ಬಡಿಸಿದೆ. ಅವಳ ಫೋಟೊ ಒಂದೂ ನಮ್ಮಲ್ಲಿರಲಿಲ್ಲ. ಶಾಲೆಯ ಗ್ರೂಪ್ ಫೋಟೊವನ್ನು ಗೋಡೆಗೆ ಒರಗಿಸಿದೆ. ಅದರಲ್ಲಿ ನಾನು ಎರಡನೆಯ ಸಾಲಿನಲ್ಲಿದ್ದೇನೆ. ಆವತ್ತು ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದೆ ಎಂದು ಆಣೆ ಮಾಡಿ ಹೇಳಬಲ್ಲೆ, ಫೋಟೊದಲ್ಲಿ ಜಡೆಗೆ ರಿಬ್ಬನ್ನೇ ಇಲ್ಲ.

"ಬದ್ಕಿರೋರ್ ಪೋಟ ಯಾರಾದ್ರೂ ಎಡೆ ಮುಂದೆ ಇಡ್ತಾರಾ? ಬುದ್ಧಿ ಗಿದ್ಧಿ ಅದಾ ನಿಂಗೆ?" ಎಂದ ಅಣ್ಣ.

"ನೋಡ್ಬೇಕು ಅಂದಿದ್ಲು. ಇರ್ಲಿ."

ಅವನು ರೊಟ್ಟಿಯನ್ನು ನೋಡಿದ. "ಇದೇನು ಇಷ್ಟು ದುಂಡಗೆ ಮಾಡಿದ್ದೀಯ. ಅವಳ್ದು ಇಂಗಿರ್ನಿಲ್ಲ." ಹೌದು. ಬೇಕೆಂದೇ ಒಂದು ಕಡೆ ದಪ್ಪ ಬಿಡಲು ನೋಡಿದ್ದೆ, ನನ್ನ ಕೈಗೆ ಅದು ಬರಲಿಲ್ಲ.

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಹೊರಗೆ ಜಗಲಿಯ ಮೇಲೆ ಕೂತೆವು. ಹುಳದ ಆ ಹಳೆಯ ಮನೆ ಇದೇ ಜಾಗದಲ್ಲಿತ್ತು, ಈಗ ಹಿತ್ತಿಲೂ ಇಲ್ಲ, ನೀರೊಲೆಯೂ ಇಲ್ಲ. ಹೇಳಿಬಿಟ್ಟೆ. "ಅಣ್ಣ, ಆವತ್ತು ಇರುವೆ ಬಂದಿದ್ದು ನನ್ನಿಂದ. ಎಲೇಲಿ ರೊಟ್ಟಿ ಸುತ್ತಿ ಇಟ್ಟಿದ್ದು ನಾನು."

"ಗೊತ್ತು," ಎಂದ.

"ಅತ್ತೆ ಹೇಳಿದ್ಲಾ?"

"ಅವಳ್ಗೆಲ್ಲಿ ಗೊತ್ತು? ಎಲೆ ಸಿಕ್ಕಿದ್ದು ಅಪ್ಪನ್ಗೆ. ರೊಟ್ಟೀಲಿ ಕಚ್ಚಿದ ಅಲ್ಲಿನ ಗುರ್ತಿತ್ತಂತೆ, ಮಕ್ಳ ಸಣ್ ಅಲ್ಲು. ನಂದಲ್ಲ ಅಂದ್ರೆ ನಿಂದೇ. ಸಾಯಕ್ ಮುಂಚೆ ನಂಗೇಳ್ದ."

"ಮತ್ತೆ ಅವಳನ್ನ ಯಾಕೆ ಕಳಿಸಿದ?"

"ಅವಳ ಗಂಡ ಎರಡ್ ಸಲ ಏಳ್ಕಳ್ಸಿದ್ದ. ಊರಲ್ಲೂ ಆಡ್ಕತಿದ್ರು. ಅಪ್ಪನ್ಗೆ ಒಂದು ನೆಪ ಬೇಕಾಗಿತ್ತು ಕಣವ್ವ."

ಹಾಗಾದರೆ ಸೆರಗಿಗೆ ಸಿಕ್ಕಿಸಿಕೊಂಡ ಎಲೆ ಇರಲಿಲ್ಲ. ಆ ಒಂದು ನೋಟವೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಮರೆತಿರಲೂ ಇಲ್ಲ, ನಟಿಸಲೂ ಇಲ್ಲ. ಯಾವ ಎಲೆ ಎಂದು ನಿಜವಾಗಿ ಕೇಳಿದ್ದಳು. ಗಾಳಿ ನೋಡಿ, ಬಾಗಿಲಿಗೆ ಒದ್ದೆ ಗೋಣಿ ತುರುಕಿ ಮಾಡಿದ ತನ್ನ ರೊಟ್ಟಿಯ ವಾಸನೆಗೇ ಇರುವೆ ಬಂದು ತನ್ನ ಅಣ್ಣನ ಹುಳವನ್ನು ತಿಂದವು ಎಂದು ನಂಬಿ ಬಸ್ಸು ಹತ್ತಿದ್ದಳು. ನಂಬಿಕೊಂಡೇ ಬದುಕಿದಳು. ನನ್ನ ಕೈ ಸೀ ಒಳ್ಳೆಯದಲ್ಲ ಎಂದದ್ದು ಮಣಿಕಟ್ಟಿನ ಮಾತಾಗಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೂ ಅಪ್ಪ ಅವಳನ್ನು ಕಳಿಸುತ್ತಿದ್ದ, ಅದು ಈಗ ಖಾತ್ರಿ. ಆದರೆ ತಪ್ಪು ತನ್ನದಲ್ಲ ಎಂದು ತಿಳಿದುಕೊಂಡು ಹೋಗುತ್ತಿದ್ದಳು. ಅಷ್ಟನ್ನು ಕೊಡುವುದು ಎಂಟು ವರ್ಷದ ನನ್ನ ಕೈಲಿತ್ತು.

"ಸಾಕು, ತಗಿ ಬಾಗ್ಲ," ಎಂದು ಅಣ್ಣ ಎದ್ದ.

"ಇರಣ್ಣ, ಇನ್ನೊಂದ್ ಗಳಿಗೆ. ಅವಳು ನಿಧಾನಕ್ಕೆ ತಿನ್ನೋಳು," ಎಂದೆ.

ಹಾಗೆಂದ ಮೇಲೆ, ಅವಳು ಆ ರೊಟ್ಟಿ ತಿಂದದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ತಟ್ಟುವುದು ಕಂಡಿತು, ಸುಲಿಯುವುದು ಕಂಡಿತು, ನನ್ನ ಬೆರಳಿಗೆ ಬೂದಿ ಉಜ್ಜುವುದು ಕಂಡಿತು. ತಿನ್ನುವುದನ್ನು ನಾನು ಒಂದು ಸಲವೂ ನೋಡಿರಲಿಲ್ಲ.